ಮುಚ್ಚಳದೊಳಗಿನ ಕೆಂಪು ಗೆರೆ

"ಬೈಕ್ ನೋಡೋಕೆ ಬಂದಿದ್ದೀನಿ..."

ಗೇಟಿನ ಚಿಲಕ ತೆಗೆಯುತ್ತಿದ್ದ ಅವಳ ಕೈ ಅಲ್ಲೇ ನಿಂತಿತು.

ಅವನು! ಯಾರ ಮುಖ ನೋಡಬಾರದೆಂದು ಏಳು ತಿಂಗಳಿಂದ ಎರಡು ಬೀದಿ ಸುತ್ತು ಹಾಕಿ ಕೆಲಸಕ್ಕೆ ಹೋಗುತ್ತಿದ್ದಳೋ, ಆ ಮೆಕ್ಯಾನಿಕ್ಕೇ ಗೇಟಿನಾಚೆ ನಿಂತಿದ್ದ. ಕೈಯಲ್ಲಿ ಅದೇ ಹಸಿರು ಟೂಲ್ ಪೆಟ್ಟಿಗೆ.

"ನೀನಾ? ಬೈಕ್ ಕೊಳ್ತೀನಿ ಅಂತ ಫೋನ್ ಮಾಡಿದ್ದು ಬೇರೆ ಯಾರೋ..."

"ನನ್ನ ಸ್ನೇಹಿತ. ನಾನು ಅಂದಿದ್ರೆ ನೀವು ಗೇಟ್ ತೆಗೀತಿರ್ಲಿಲ್ಲ."

ನೀವು! ಒಂದು ಕಾಲದಲ್ಲಿ "ಏ ಕನ್ನಡಕ!" ಎಂದು ಬೀದಿಯ ತುದಿಯಿಂದಲೇ ಕೂಗುತ್ತಿದ್ದವನು. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳಿಗೆ ಅವನಿಟ್ಟ ಹೆಸರು ಅದು. ಆ "ನೀವು" ಕಪಾಳಕ್ಕೆ ಬಾರಿಸಿದಂತಾಯಿತು. ಬಾರಿಸಿಕೊಳ್ಳುವಂಥ ಕೆಲಸ ಅವಳು ಮಾಡಿದ್ದಳೇ? ನೀವೇ ನೋಡಿ.

ಆ ಮನೆಯ ಹಳೇ ಮೋಟಾರ್ ಸೈಕಲ್ಲಿಗೆ ಅವಳ ಅಪ್ಪನಿಗಿಂತ ಎರಡು ವರ್ಷ ಹೆಚ್ಚು ವಯಸ್ಸು. ಎಲ್ಲರೂ ಅದನ್ನು ತಾತ ಎಂದೇ ಕರೆಯುತ್ತಿದ್ದರು. ಮದುವೆಯ ಮಾತು ಮುಗಿದ ವಾರ ಭಾವೀ ಅಳಿಯನಾದ ಇವನೇ ತಾತನ ಇಗ್ನಿಷನ್ ಟೈಮಿಂಗ್ ಸರಿ ಮಾಡಿಕೊಟ್ಟಿದ್ದ. ಎಂಜಿನ್ನಿನೊಳಗೆ ಕಿಡಿ ಯಾವ ಗಳಿಗೆಗೆ ಹೊತ್ತಬೇಕು ಎಂಬುದರ ಹದ ಅದು. ತೀರಾ ಬೇಗ ಹೊತ್ತಿದರೆ ಎಂಜಿನ್ ಹಿಂದಕ್ಕೆ ತಿರುಗಿ, ಕಿಕ್ಕರ್ ಒದ್ದವನನ್ನೇ ವಾಪಸ್ ಒದೆಯುತ್ತದೆ.

ಮೂರನೇ ದಿನ ತಾತ ಒದ್ದೇಬಿಟ್ಟ! ಅಪ್ಪನ ಕಾಲಿನ ಮೂಳೆ ಎರಡು ತುಂಡು.

ಅವಳು ನೇರ ಗ್ಯಾರೇಜಿಗೆ ಹೋಗಿ, ಗಿರಾಕಿಗಳ ಮುಂದೆಯೇ ಕೂಗಾಡಿದ್ದಳು. "ನಿನ್ನ ಕೈ ನಂಬಿದ್ದೇ ತಪ್ಪು! ಮದುವೇನೂ ಬೇಡ, ನಿನ್ನ ಸಹವಾಸಾನೂ ಬೇಡ!"

"ಒಂದೇ ಒಂದು ಸಲ ಟೈಮಿಂಗ್ ಮುಚ್ಚಳ ತೆಗೆದು ನೋಡು..." ಎಂದು ಅವನು ಬೇಡಿಕೊಂಡಿದ್ದ. ಅವಳು ನೋಡಿರಲಿಲ್ಲ.

ಈಗ ಅಪ್ಪ ಕೋಲೂರಿಕೊಂಡು ಹೊರಗೆ ಬಂದರು. "ಯಾರಮ್ಮ ಅದು?" ಅವನನ್ನು ಕಂಡದ್ದೇ ಮುಖ ಬಿಳಿಚಿಕೊಂಡಿತು.

"ಇವನಿಗಾ? ಮಾರಲ್ಲ! ಗುಜರಿಗೆ ಬೇಕಾದ್ರೂ ಹಾಕ್ತೀನಿ!"

"ಮುಚ್ಚಳ ಒಂದು ತೆಗೆದು ನೋಡ್ತೀನಿ ಸಾರ್. ಕೊಳ್ಳೋ ವಸ್ತು ನೋಡೇ ಕೊಳ್ಬೇಕಲ್ವಾ?"

ಬಾಯಿ ತುಂಬ "ಮಾವ" ಎನ್ನುತ್ತಿದ್ದವನು ಈಗ "ಸಾರ್" ಎನ್ನುತ್ತಿದ್ದ.

"ಮುಟ್ಟಬೇಡ ಅಂದ್ನಲ್ಲ!" ಅಪ್ಪ ಕೋಲನ್ನು ನೆಲಕ್ಕೆ ಕುಟ್ಟಿದರು.

ಅವಳು ಬೆಚ್ಚಿಬಿದ್ದಳು. ಮಾರಲು ಇಟ್ಟ ಗಾಡಿಯ ಮುಚ್ಚಳಕ್ಕೆ ಅಪ್ಪನಿಗೇಕೆ ಇಷ್ಟು ಭಯ?

"ಸ್ಕ್ರೂಡ್ರೈವರ್ ಕೊಡು," ಎಂದು ಅವನತ್ತ ಕೈ ಚಾಚಿದಳು.

ಎರಡು ಸ್ಕ್ರೂ ಬಿಚ್ಚಿದಳು. ದುಂಡು ಮುಚ್ಚಳ ಕೈಗೆ ಬಂತು. ಒಳಗೆ ಪುಟ್ಟ ತಟ್ಟೆ, ಅದರ ಮೇಲೆ ಕೆಂಪು ಗೆರೆ...

ಅವಳದೇ ನೈಲ್ ಪಾಲಿಶ್! ಅವತ್ತು ಟೈಮಿಂಗ್ ಇಟ್ಟ ಮೇಲೆ ಅವನು ಹೇಳಿದ್ದ, "ತಟ್ಟೆ ಕೂದಲೆಳೆಯಷ್ಟು ಜರುಗಿದ್ರೂ ಗೊತ್ತಾಗ್ಬೇಕು. ಒಂದು ಗೆರೆ ಎಳಿ." ತಟ್ಟೆಯಿಂದ ಹೊರಗಿನ ಅಂಚಿನವರೆಗೆ ನೇರ ಗೆರೆ ಎಳೆದವಳು ಅವಳೇ.

ಈಗ ಅದು ಎರಡು ತುಂಡಾಗಿತ್ತು! ಅರ್ಧ ಅಂಚಿನ ಮೇಲೆ, ಇನ್ನರ್ಧ ತಟ್ಟೆಯ ಜೊತೆ ಪಕ್ಕಕ್ಕೆ ಸರಿದು...

ತಾನಾಗಿ ಜರುಗಿತೇ? ತಟ್ಟೆಯ ಸ್ಕ್ರೂ ಬಿಗಿಯಾಗಿಯೇ ಇತ್ತು, ತಲೆ ಮಾತ್ರ ಕೆತ್ತಿಹೋಗಿತ್ತು. ಮೂಲೆಯ ಗ್ರೀಸಿನಲ್ಲಿ ಏನೋ ಮಿನುಗಿತು. ಅಡುಗೆಮನೆಯ ಚಾಕುವಿನ ಮುರಿದ ತುದಿ! ಅದು ಹೇಗೆ ಮುರಿಯಿತೆಂದು ಅವಳು ಮನೆಯಲ್ಲಿ ಕೇಳದ ದಿನವಿರಲಿಲ್ಲ.

"ಅಪ್ಪಾ...?"

ಅಪ್ಪ ಮೆಟ್ಟಿಲ ಮೇಲೆ ಕುಸಿದು ಕುಳಿತರು.

"ಏರಲ್ಲಿ ಎಳೆತ ಸಾಲ್ತಿರ್ಲಿಲ್ಲ... ಟೈಮಿಂಗ್ ಒಂಚೂರು ಮುಂದೆ ತಂದ್ರೆ ಜೋರಾಗಿ ಓಡುತ್ತೆ ಅಂತ ಯಾರೋ ಹೇಳಿದ್ರು. ಮೂವತ್ತು ವರ್ಷ ಬಸ್ ಓಡಿಸಿದೋನು ನಾನು, ಇವನನ್ನ ಕೇಳ್ಬೇಕಾ ಅಂತ..."

"ಏಳು ತಿಂಗಳು ಸುಮ್ಮನಿದ್ರಲ್ಲ ಅಪ್ಪಾ!"

"ಆಸ್ಪತ್ರೇಲಿ ಕಣ್ಣು ಬಿಡೋಷ್ಟರಲ್ಲಿ ನೀನು ಮದುವೆ ಮುರ್ಕೊಂಡು ಬಂದಿದ್ದೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ... ಬಾಯೇ ಬರ್ಲಿಲ್ಲ ಮಗಳೇ."

'ಅಪ್ಪ ಬಾಯಿ ಬಿಡಲಿಲ್ಲ, ಸರಿ. ಕಣ್ಣು ಬಿಟ್ಟು ನೋಡದೆ ಇದ್ದವಳು ನಾನಲ್ಲವೇ?' ಊರಿಗೆಲ್ಲ ಕನ್ನಡಕ ಹಾಕಿ ಕಳಿಸುವವಳು!

ಪೆಟ್ಟಿಗೆ ಮುಚ್ಚಿದ ಸದ್ದು ಕೇಳಿತು.

"ನನಗೆ ಬೇಕಾಗಿದ್ದು ಇಷ್ಟೇ. ಬರ್ತೀನಿ." ಅವನು ಗೇಟಿನತ್ತ ತಿರುಗಿದ್ದ.

ಅಯ್ಯೋ, ಹೊರಟೇಬಿಟ್ಟನಲ್ಲ!

"ನಿಲ್ಲು! ಸರಿ ಮಾಡದೇ ಹೋಗ್ತೀಯಾ?"

"ನನ್ನ ಕೈ ನಂಬಬಾರದು ಅಂದಿದ್ರಿ."

"ಅಂದಿದ್ದೆ. ಎಲ್ಲರ ಮುಂದೆ ಅಂದಿದ್ದೆ. ತಪ್ಪಾಯ್ತು..." ಕಣ್ಣೀರು ಗಲ್ಲಕ್ಕಿಳಿಯಿತು. "ಎರಡು ಬೀದಿ ಸುತ್ತಿ ಹೋದ್ರೂ ನಿನ್ನ ಗ್ಯಾರೇಜಿನ ಸದ್ದು ಕೇಳ್ಸುತ್ತಾ ಅಂತ ಕಿವಿ ಕೊಡ್ತಿದ್ದೆ ಕಣೋ. ನೀನಿಲ್ದೆ ನನಗಾಗಲ್ಲ. ಟೈಮಿಂಗ್ ಇಡು. ಕಿಕ್ ನಾನು ಹೊಡೀತೀನಿ."

ಈಗ ದಂಗಾಗುವ ಸರದಿ ಅವನದು.

"ನಿನಗೆ ತಲೆ ಕೆಟ್ಟಿದೆಯಾ? ಒಂಚೂರು ಹೆಚ್ಚುಕಮ್ಮಿ ಆದ್ರೆ ಕಾಲು ಮುರಿಯುತ್ತೆ!"

ನಿನಗೆ! ಅಳುವಿನ ನಡುವೆಯೂ ಅವಳ ತುಟಿ ಅರಳಿತು.

"ಇಡೋನು ನೀನು ತಾನೇ? ಮತ್ತೇನು ಭಯ?"

ಅವನು ಪೆಟ್ಟಿಗೆಯನ್ನು ಕೆಳಗಿಟ್ಟು ಮತ್ತೆ ತೆರೆದ. ಆಮೇಲೆ ಮೊಣಕಾಲೂರಿ ಕುಳಿತು ತಟ್ಟೆ ಸಡಿಲಿಸಿದ. ಕಿಡಿ ಹೊತ್ತಿಸುವ ಎರಡು ತುದಿಗಳ ನಡುವೆ ತೆಳ್ಳನೆಯ ಕಾಗದದ ಚೂರು ಸಿಕ್ಕಿಸಿ, "ಮೆಲ್ಲಗೆ ಎಳೀತಾ ಇರು. ಕಾಗದ ಬಿಡೋ ಗಳಿಗೆಯಲ್ಲಿ ಹೇಳು," ಎಂದ. ಅವನು ಎಂಜಿನ್ನನ್ನು ಕಿಡಿಯ ಗುರುತಿಗೆ ತಂದು ನಿಲ್ಲಿಸಿ, ತಟ್ಟೆಯನ್ನು ಇಷ್ಟಿಷ್ಟೇ ತಿರುಗಿಸಿದ. ಅವಳು ಕಾಗದವನ್ನು ಮೆಲ್ಲಗೆ ಎಳೆಯುತ್ತಲೇ ಇದ್ದಳು.

"ಬಿಡ್ತು!"

ಕೆಂಪು ಗೆರೆಯ ಎರಡು ತುಂಡುಗಳು ಸರಿಯಾಗಿ ಒಂದರೆದುರು ಒಂದು ಬಂದು ನಿಂತಿದ್ದವು. ಅವನು ಸ್ಕ್ರೂ ಬಿಗಿದ.

ಅವಳು ಕಿಕ್ಕರ್ ಮೇಲೆ ಕಾಲಿಟ್ಟಳು. ಅಪ್ಪ ಕಣ್ಣು ಮುಚ್ಚಿಕೊಂಡರು. ಮೆಕ್ಯಾನಿಕ್ಕನ ಹಣೆಯಲ್ಲಿ ಬೆವರು!

ಒಂದೇ ಒದೆ.

ಡುಗ್... ಡುಗ್... ಡುಗ್... ತಾತ ತಣ್ಣಗೆ ಮಾತಾಡತೊಡಗಿದ.

"ಮಾವ, ಕಣ್ಣು ಬಿಡಿ. ಕಾಲು ನೆಟ್ಟಗಿದೆ," ಎಂದ ಅವನು. ಅಪ್ಪ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಎಂಜಿನ್ ನಿಲ್ಲಿಸಿದ ಮೇಲೆ ಅವನು ಪೆಟ್ಟಿಗೆಯಿಂದ ಪುಟ್ಟ ಬಾಟಲಿಯೊಂದನ್ನು ತೆಗೆದ. ಅವಳದೇ ನೈಲ್ ಪಾಲಿಶ್. ಏಳು ತಿಂಗಳಿಂದ ಸ್ಪ್ಯಾನರುಗಳ ಜೊತೆ ಜೋಪಾನವಾಗಿತ್ತು. ಅವಳು ಹಳೆಯ ಗೆರೆಯ ಮೇಲೆಯೇ ಹೊಸ ಗೆರೆ ಎಳೆದಳು.

"ಇನ್ನೂ ಸಿಟ್ಟಿದೆಯಾ?"

"ಇದೆ. ಸ್ವಲ್ಪ ದಿನ ಇರುತ್ತೆ."

"ಇರ್ಲಿ. ಜೊತೆಗೇ ಇದ್ದು ಸಿಟ್ಟು ಮಾಡ್ಕೊ."

ಅವನು ನಕ್ಕ. "ಏ ಕನ್ನಡಕ... ಮತ್ತೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಮೊದಲು ಮುಚ್ಚಳ ತೆಗೆದು ನೋಡ್ತೀನಿ," ಎಂದಳು ಅವಳು, ಗ್ರೀಸು ಮೆತ್ತಿದ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು. "ಆಮೇಲೇ ಜಗಳ!"