ಶನಿವಾರದ ಆಟ, ಕಾಣೆಯಾದ ಹಸು

ಹುಲ್ಲಿನ ಕೊಯ್ಲು ಅರ್ಧಕ್ಕೆ ಬಂದಿತ್ತು. ಶನಿವಾರ ಸಂಜೆ ಲೈಲ್ ಬಕೆಟ್ ಹಿಡಿದು ಕೊಟ್ಟಿಗೆಗೆ ಹೋದರೆ ಜರ್ಸಿ ಹಸು ಇಲ್ಲ. ಹಗ್ಗ ಬಿಚ್ಚಿದ್ದರು, ಗೇಟನ್ನು ಮತ್ತೆ ಮುಚ್ಚಿದ್ದರು—ಮನೆಯ ಬಳಕೆ ಇದ್ದವರದ್ದೇ ಕೆಲಸ.

ಆ ಮಧ್ಯಾಹ್ನ ಊರಿಗೆ ಊರೇ ಹಾರ್ಡ್‌ವೇರ್ ಅಂಗಡಿಯ ಟಿವಿ ಮುಂದಿತ್ತು. ದೂರದ ನಗರಗಳ ಬೇಸ್‌ಬಾಲ್ ಆಟ ಶನಿವಾರ ಶನಿವಾರ ಪರದೆಯ ಮೇಲೆ ಬರತೊಡಗಿ ಮೂರು ವರ್ಷ. ಅಂದಿನಿಂದ ಮಿಸ್ಸೂರಿಯ ಈ ಹಳ್ಳಿಯ ಸ್ವಂತ ತಂಡದ ಮೈದಾನದಲ್ಲೂ ಕಳೆ ಬೆಳೆದಿತ್ತು. ಹೋಗದೆ ಉಳಿದವನು ಕೂಲಿಯಾಳು ಲೈಲ್ ಒಬ್ಬನೇ. ಹಿಂದೊಮ್ಮೆ ಕುದುರೆಯ ಜೀನು ಕದ್ದು ಜೈಲು ಕಂಡವನು. ಭಾನುವಾರ ಒಡತಿ ವರ್ನಾ ಅವನ ತಟ್ಟೆಯನ್ನು ಊಟದ ಮೇಜಿನ ಬದಲು ಜಗಲಿಯ ಮೇಲಿಟ್ಟಳು.

ಸೋಮವಾರ ಶೆರಿಫ್ ಟಿಬೆಟ್ಸ್ ಬಂದ.

"ಆಟ ನೋಡೋಕೆ ಯಾಕೆ ಹೋಗ್ಲಿಲ್ಲ, ಲೈಲ್?"

"ಕೊಯ್ದ ಹುಲ್ಲು ಹೊಲದಲ್ಲಿತ್ತು, ಪಡುವಣಕ್ಕೆ ಮೋಡ. ಬಿಟ್ಟು ಹೋದ್ರೆ ಕೊಳೀತಿತ್ತು."

"ನಿನ್ನನ್ನ ನೋಡಿದವರು?"

"ಎಲ್ರೂ ಟಿವಿ ನೋಡ್ತಿದ್ರಲ್ಲ ಸಾಹೇಬ್ರೆ. ನನ್ನನ್ಯಾರು ನೋಡ್ತಾರೆ?"

ಲಾರಿಗೆ ಒರಗಿ ನಿಂತಿದ್ದ ವರ್ನಾಳ ಸೋದರಳಿಯ ಡ್ವೇನ್ ನಕ್ಕ. "ಹಳೇ ಚಾಳಿ ಸಾಹೇಬ್ರೆ. ಇನ್ನೇನು ಕೇಳ್ತೀರಿ?"

"ನೀನೆಲ್ಲಿದ್ದೆ?"

"ಸೇಂಟ್ ಲೂಯಿಸ್‌ನಲ್ಲಿ, ಗೆಳೆಯನ ಮನೇಲಿ. ಅಲ್ಲಿ ಟಿವೀಲಿ ಇದೇ ಆಟ ನೋಡ್ದೆ. ಕೊನೇಲಿ ಆ ಉದ್ದಕಾಲಿನವನು ಬೇಲಿ ಹತ್ತಿ ಚೆಂಡು ಹಿಡಿದನಲ್ಲ—ಅವನ ಟೋಪಿ ಬಿದ್ದದ್ದೂ ಕಾಣಿಸ್ತು."

"ನಿಜ," ಅಂದಳು ವರ್ನಾ. "ಟೋಪಿ ಬಿತ್ತು. ನಾನೂ ಅಂಗಡೀಲಿ ನೋಡ್ದೆ."

ಲೈಲ್ ಯಾವ ಟೋಪಿಯನ್ನೂ ಕಂಡಿರಲಿಲ್ಲ.

"ಗೆಳೆಯನ ಮನೆ ಊರಾಚೆಯೋ?" ಶೆರಿಫ್ ಕೇಳಿದ.

"ಊರೊಳಗೇ. ದೊಡ್ಡ ಮೈದಾನದ ಪಕ್ಕದ ಬೀದಿ."

"ಚಿತ್ರ ಚೆನ್ನಾಗಿತ್ತಾ?"

"ಕನ್ನಡಿ ಇದ್ದ ಹಾಗೆ."

ಶೆರಿಫ್ ಬೇಲಿಯ ಕಂಬಕ್ಕೆ ಒರಗಿದ. "ಹೋದ ಬೇಸಿಗೇಲಿ ಅದೇ ಊರಲ್ಲಿ ಮಗಳ ಮನೇಲಿದ್ದೆ. ಶನಿವಾರ ಟಿವಿ ಗುಂಡಿ ತಿರುಗಿಸಿ ತಿರುಗಿಸಿ ಬೆರಳು ನೋವು. ಬಂದದ್ದು ಹಳೇ ಕುದುರೆ ಸವಾರರ ಸಿನಿಮಾ. ಅಳಿಯ ನಕ್ಕುಬಿಟ್ಟ. ಸೇಂಟ್ ಲೂಯಿಸ್‌ನಂಥ ದೊಡ್ಡ ತಂಡ ಇರೋ ಊರಿಗೆ ಶನಿವಾರದ ಆಟ ಟಿವೀಲಿ ಬಿಡಲ್ವಂತೆ, ಸುತ್ತ ಐವತ್ತು ಮೈಲಿ ಬಂದ್. ಮನೇಲೇ ಆಟ ಸಿಕ್ಕಿದ್ರೆ ಟಿಕೆಟ್ ಯಾರು ಕೊಳ್ತಾರೆ? ತೋರಿಸೋದು ನಮ್ಮಂಥ ಹಳ್ಳಿಗಳಿಗೆ."

"ಆದ್ರೆ ಟೋಪಿ—"

"ಅದನ್ನ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಎಲ್ರೂ ಹೇಳ್ತಿದ್ರು. ನಾವು ನೋಡೋದನ್ನ ಪಟ್ಟಣದವರೂ ನೋಡ್ತಾರೆ ಅಂತ ಈ ಊರೆಲ್ಲ ನಂಬಿದೆ. ನೀನೂ ನಂಬಿದೆ. ರಸ್ತೇಲಿ ಜನ ಇಲ್ಲದ ಹೊತ್ತು ನೋಡಿ ಲಾರಿ ತಂದೆ. ಹಸು ಎಲ್ಲಿ, ಡ್ವೇನ್?"

ಡ್ವೇನ್ ಅತ್ತೆಯ ಕಡೆ ನೋಡಿದ. ಅವಳು ಮುಖ ತಿರುಗಿಸಿದಳು.

"ಸೆಡೇಲಿಯಾ ಪೇಟೇಲಿ. ದನದ ದಲ್ಲಾಳಿ ಹತ್ರ."

ಶೆರಿಫ್ ಅವನನ್ನು ಕಾರಿಗೆ ಹತ್ತಿಸಿದ. ಧೂಳು ಅಡಗುವ ತನಕ ಅಂಗಳದಲ್ಲಿ ಇಬ್ಬರೂ ನಿಂತರು.

"ಲೈಲ್, ನಾನು—" ಅಂದಳು ವರ್ನಾ.

ಅವನು ಹುಲ್ಲಿನ ಕವೆಗೋಲು ಎತ್ತಿಕೊಂಡ. ಆಮೇಲೆ, "ಹುಲ್ಲೆಲ್ಲ ಅಟ್ಟ ಸೇರೋ ತನಕ ಇರ್ತೀನಿ ಅಮ್ಮಾವ್ರೆ," ಎಂದ. "ಅಷ್ಟು ನಾನು ಒಪ್ಪಿಕೊಂಡ ಕೆಲಸ. ಆಮೇಲೆ ಬೇರೆ ಆಳನ್ನ ನೋಡ್ಕೊಳ್ಳಿ."