ಅವೊರಿತಾ ಅಂದರೆ ಯಾವಾಗ?

"ನಿಲ್ಸು! ಎನೆರೊಲೀಸಾ, ಕ್ರೇನ್ ನಿಲ್ಸು!"

ನಿಲ್ಲಲಿಲ್ಲ.

ಇಪ್ಪತ್ತು ಟನ್ ಕಂಟೇನರ್ ಇಳಿಯುತ್ತಿದೆ... ಅದರ ಕೆಳಗೆ ಬೆನ್ನು ಹಾಕಿ ನಿಂತಿದ್ದಾನೆ ಕೂಲಿ ಲಿಬ್ರಾದೊ! ಓಡಿದೆ. ಕ್ರೇನಿನ ಕಾಲಲ್ಲಿ ಕರೆಂಟನ್ನೇ ಕಡಿಯುವ ಕೆಂಪು ಗುಂಡಿಯಿದೆ. ಅದಕ್ಕೆ ಗುದ್ದಿದೆ.

ಅವನ ಹೆಲ್ಮೆಟ್‌ಗಿಂತ ಒಂದೇ ಗೇಣು ಮೇಲೆ ಕಂಟೇನರ್ ನಿಂತಿತು.

ಕ್ರೇನ್ ನಡೆಸುತ್ತಿದ್ದ ಎನೆರೊಲೀಸಾ ಕೆಳಗಿಳಿದು ಓಡಿಬಂದಳು. "ರಾದಾಮೆಸ್ ಅಣ್ಣಾ, ದೇವರಾಣೆ! ನಿಲ್ಸೋ ಬಟನ್ ಒತ್ತಿದೀನಿ!"

"ಸುಳ್ಳು!" ಮ್ಯಾನೇಜರ್ ಪೆಯ್ನಾಡೊ. ಕೈಯಲ್ಲಿ ಆಗಲೇ ಟೈಪಾದ ಕಾಗದ! "ಆಪರೇಟರ್ ತಪ್ಪು. ಸೈನ್ ಹಾಕೋ ರಾದಾಮೆಸ್. ಇವಳ ಲೈಸೆನ್ಸ್ ಹೋಗ್ಲಿ."

"ಮೊದ್ಲು ಪ್ರೋಗ್ರಾಂ ನೋಡ್ತೀನಿ ಸಾರ್."

"ನೋಡಿದ್ರೆ ನಿನ್ ಕೆಲ್ಸಾನೂ ಹೋಗುತ್ತೆ! ಹಿಡೀರೋ ಇವನ್ನ!"

ಇಬ್ಬರು ಗಾರ್ಡ್‌ಗಳು ಬೆನ್ನಟ್ಟಿದರು. ಕಂಟೇನರ್ ಸಾಲುಗಳ ನಡುವೆ ನುಸುಳಿ, ಕಂಟ್ರೋಲ್ ರೂಮಿಗೆ ನುಗ್ಗಿ ಚಿಲಕ ಹಾಕಿದೆ. ಬಾಗಿಲು ಧಡಧಡ!

ನನ್ನ ಕೆಲಸ ಏನು ಅಂತೀರಾ? ಕ್ರೇನಿಗೆ ಅಪ್ಪಣೆ ಕೊಡಲು ನಾವೇ ಕಟ್ಟಿದ ಪುಟ್ಟ ಭಾಷೆಯೊಂದಿದೆ. ಪದಗಳೆಲ್ಲ ಸ್ಪ್ಯಾನಿಷ್. ವೆನೆಜುವೆಲಾದ ಬಂದರಿಗೆ ಅದರ ಒಂದು ರೂಪ, ನಮ್ಮ ಡೊಮಿನಿಕನ್ ಬಂದರಿಗೆ ಇನ್ನೊಂದು. ಅಕ್ಕತಂಗಿಯರ ಹಾಗೆ ಮುಖ ಒಂದೇ, ಬುದ್ಧಿ ಬೇರೆ. ಎಲ್ಲೆಲ್ಲಿ ಬೇರೆ ಅನ್ನುವ ಪಟ್ಟಿ ಕಾಯುವವನು ನಾನು. "ಎರಡ್ಯಾಕೆ? ಒಂದೇ ಸಾಕು" ಅಂತ ಹೋದ ವಾರ ನನ್ನನ್ನು ಕೇಳದೆ ಎರಡನ್ನೂ ಕಲಸಿ ಹಾಕಿಸಿದ್ದ ಈ ಪೆಯ್ನಾಡೊ!

ಸ್ಕ್ರೀನ್ ನೋಡಿದೆ. ನಿಲ್ಲಿಸುವ ನಿಯಮ ವೆನೆಜುವೆಲಾದ್ದು.

'ನಿಲ್ಲು, ಅವೊರಿತಾ.'

ಮೈ ಉರಿದುಹೋಯಿತು! ಅವೊರಿತಾ ಅಂದರೆ ಅಲ್ಲಿ 'ಈ ಕ್ಷಣ'. ನಮ್ಮಲ್ಲಿ? 'ಆಮೇಲೆ'! ಕ್ರೇನು ನಮ್ಮೂರಿನದು... ಕೈಲಿದ್ದ ಕೆಲಸ ಮುಗಿಸಿ ಆಮೇಲೆ ನಿಲ್ಲಲು ಹೊರಟಿತ್ತು.

ಪ್ರಿಂಟ್ ತೆಗೆದೆ. ಬಾಗಿಲು ತೆಗೆದೆ. ಗಾರ್ಡ್‌ಗಳ ಹಿಂದೆ ಲಿಬ್ರಾದೊ ನಿಂತಿದ್ದ, ಅವನ ಹಿಂದೆ ನಲವತ್ತು ಜನ ಕೂಲಿಗಳು. ಗಾರ್ಡ್‌ಗಳು ಮೆಲ್ಲಗೆ ಜಾಗ ಬಿಟ್ಟರು.

ಎಲ್ಲರಿಗೂ ಕೇಳುವಂತೆ ಓದಿದೆ. ಪೆಯ್ನಾಡೊ ಮುಖ ಬಿಳಿಚಿತು.

"ಸರಿ, ಸರಿ... ತಪ್ಪು ನಂದು ಅಂತ ಬರ್ದುಕೊಡ್ತೀನಿ. ಅವೊರಿತಾ."

ಕಾಲರ್ ಹಿಡಿದು ಎಳೆದುಕೊಂಡು ಹೋದೆ. ಇನ್ನೂ ನೇತಾಡುತ್ತಿದ್ದ ಕಂಟೇನರ್ ಕೆಳಗೆ ನಿಲ್ಲಿಸಿದೆ. ಪೆನ್ನು ಕೈಗಿಟ್ಟೆ.

"ಈಗ ಹೇಳಿ ಸಾರ್. ಯಾವ ದೇಶದ ಅವೊರಿತಾ?"

ಬರೆದ, ಸೈನ್ ಹಾಕಿದ. ಹುಟ್ಟು ಡೊಮಿನಿಕನ್ ಆದ್ರೂ, ಪಕ್ಕಾ ವೆನೆಜುವೆಲಾದವನ ಹಾಗೆ!