ಕೆಂಡದ ಪೆಟ್ಟಿಗೆ ಯಾರ ಕಾಲ ಬಳಿ?

"ಏಯ್ ಮ್ಯಾರೆನ್! ಇದು ಗಂಡಸ್ರ ಬಾಗಿಲು ಕಣೇ!"

ಓಡಿಬಂದ ರಭಸಕ್ಕೆ ಮ್ಯಾರೆನ್ ಸಹಪಾಠಿ ಏಸಾನ ಎದೆಗೇ ಡಿಕ್ಕಿ ಹೊಡೆದಿದ್ದಳು. ಬಸ್ಸು ಕೈಕೊಟ್ಟು ತಡವಾಗಿತ್ತು. ಅವನ ಉಣ್ಣೆಯ ಕೋಟಿನಿಂದ ಅದೇನೋ ಹೊಗೆಯ ವಾಸನೆ...

"ಕೇಳು, ನಿನ್ನ ಜಾಗ..." ಅವನು ಪಿಸುಗುಡುವಷ್ಟರಲ್ಲಿ ಒಳಗೆ ಕೋಲು ಟಪ್ಪೆಂದಿತು.

"ಮಾತು ಸಾಕು! ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ತಡವಾಗಿ ಬಂದವರು ಹಿಂದಿನ ಬೆಂಚಿಗೆ!" ಪ್ರೊಫೆಸರ್ ಪ್ರೂಯಿಟ್ ಮೇಡಂ ಗದರಿದರು.

ಕಡಲು ದಾಟಿ ಈ ನಾಡಿಗೆ ಬಂದ ಮೊದಲ ವಲಸೆಗಾರರ ಧರ್ಮ, ಬದುಕು ಓದುವ ಅವರ ತರಗತಿ ನವೆಂಬರಿನಲ್ಲಿ ಒಂದು ಬೆಳಗ್ಗೆ ಹಳೆಯ ಪ್ರಾರ್ಥನಾ ಮನೆಯಲ್ಲಿ ನಡೆಯುವುದು ವಾಡಿಕೆ. ಮುನ್ನೂರು ವರ್ಷ ಹಿಂದಿನವರಂತೆಯೇ ಇರಬೇಕು. ಒಲೆಯಿಲ್ಲ. ಆ ಕಡೆಯವರು ಈ ಕಡೆಯವರೊಡನೆ ಮಾತಾಡುವಂತಿಲ್ಲ. ಯಾರು ಎಲ್ಲಿ ಕೂರಬೇಕೆಂದು ಗೊತ್ತುಮಾಡುವ ಕೆಲಸ ಈ ಸಲ ಏಸಾನದು.

ಹಿಂದಿನ ಬೆಂಚಿನಲ್ಲಿ ಮ್ಯಾರೆನ್‌ಳ ಕಾಲು ಚಳಿಗೆ ಮರಗಟ್ಟಿತು. ಆಗಲೇ ಕಂಡದ್ದು... ಮುಂದಿನ ಸಾಲಿನಲ್ಲಿದ್ದ ಗೆಳತಿ ಕೋರಾಳ ಪಾದದಡಿ ತೂತುಗಳಿದ್ದ ತಗಡಿನ ಪೆಟ್ಟಿಗೆ! ಒಳಗೆ ಕೆಂಡ!

"ಆ ಕಾಲದ ಗಂಡಸ್ರು ತಮ್ಮವಳಿಗೇಂತ ಕೆಂಡದ ಪೆಟ್ಟಿಗೆ ಹೊತ್ಕೊಂಡ್ ಬರ್ತಿದ್ರು. ನಾನೂ ಒಂದು ಮಾಡ್ತಿದೀನಿ," ಎಂದು ಹೋದ ವಾರ ಏಸಾ ಹೇಳಿದ್ದ. ಯಾರಿಗೆ ಎಂದು ಕೇಳಲು ಅವಳಿಗೆ ಧೈರ್ಯ ಬಂದಿರಲಿಲ್ಲ.

ಈಗ ಗೊತ್ತಾಯಿತಲ್ಲ!

ಕೋರಾ ಬೇರೆ ಅವನತ್ತ ನೋಡಿ ನಗುತ್ತಿದ್ದಾಳೆ. ಆ ಹಲ್ಲೋ, ಆ ಕೂದಲೋ... 'ಚೆನ್ನಾಗಿಯೇ ಇದ್ದಾಳೆ, ಹಾಳಾದವಳು!'

ಪಾಪ ಒಪ್ಪಿಕೊಳ್ಳುವ ಸರದಿ ಬಂತು. ಆ ಕಾಲದಲ್ಲಿ ಸಭೆಯ ಸದಸ್ಯರಾಗಬೇಕಾದವರು ಎಲ್ಲರೆದುರು ನಿಂತು ಮನಸ್ಸು ಬಿಚ್ಚಬೇಕಿತ್ತು. ಉಳಿದವರು ಕೈಯೆತ್ತಿ ಒಪ್ಪಬೇಕಿತ್ತು.

ಮ್ಯಾರೆನ್ ಎದ್ದಳು. ಇದಕ್ಕೆಂದೇ ಬಾಯಿಪಾಠ ಮಾಡಿದ್ದ, ಆ ಕಾಲದ ವಿಧವೆಯೊಬ್ಬಳ ತಪ್ಪೊಪ್ಪಿಗೆಯ ಮಾತುಗಳು ನಾಲಿಗೆಗೆ ಬರಲೇ ಇಲ್ಲ.

"ನಂಗೆ... ಹೊಟ್ಟೆಕಿಚ್ಚು. ಇವತ್ತೊಬ್ಬಳ ಕಾಲು ಬೆಚ್ಚಗಿರೋದು ನೋಡಿ ಸಹಿಸೋಕಾಗ್ತಿಲ್ಲ. ಅವಳು ನನ್ನ ಗೆಳತಿ. ಆದ್ರೂ... ಆ ಪೆಟ್ಟಿಗೆ ನಂದಾಗ್ಬೇಕಿತ್ತು. ತಂದವನೂ!"

ಅಯ್ಯೋ! ಏನು ಹೇಳಿಬಿಟ್ಟೆ?

ಮೇಡಂ ಮೆಲ್ಲಗೆ ಕೇಳಿದರು, "ಯಾರದಾದರೂ ಆಕ್ಷೇಪಣೆ?"

"ನಂದಿದೆ!" ಏಸಾ ಎದ್ದು ನಿಂತ. ಕಿವಿಯೆಲ್ಲ ಕೆಂಪು. "ಮುಂದಿನ ಜಾಗ ನಾನು ಕೊಟ್ಟಿದ್ದು ಇವಳಿಗೆ. ಬೆಳಗ್ಗೆಯೇ ಬಂದು ಪೆಟ್ಟಿಗೆ ಇಟ್ಟೆ. ಇವಳು ತಡ ಮಾಡಿದ್ಲು, ಮೇಡಂ ಕೋರಾನ ಅಲ್ಲಿ ಕೂರಿಸಿದ್ರು. ಆ ಕಡೆ ಹೋಗೋ ಹಾಗಿಲ್ಲ, ಮಾತಾಡೋ ಹಾಗಿಲ್ಲ... ನಾನೇನ್ ಮಾಡ್ಲಿ?"

"ನಾನು ಅವಾಗಿಂದ ಕಣ್ಸನ್ನೆ ಮಾಡ್ತಿದೀನಿ, ಇದನ್ನ ಏನ್ ಮಾಡ್ಲೋ ಅಂತ!" ಕೋರಾ ಸಿಡುಕಿದಳು. "ಹಿಡಿಯೇ ಮಾರಾಯ್ತಿ! ನನ್ನ ಬೂಟು ಕರಗೋಕೆ ಶುರುವಾಯ್ತು!"

ಪೆಟ್ಟಿಗೆ ಕೈಯಿಂದ ಕೈಗೆ ಹಿಂದಿನ ಬೆಂಚಿಗೆ ಬಂತು. ಎರಡೂ ಕಡೆ ಕೈಗಳು ಮೇಲೆದ್ದವು. ಏಸಾ ಮಾತ್ರ ಎರಡೂ ಕೈ ಎತ್ತಿದ್ದ.

ತರಗತಿ ಮುಗಿದ ಮೇಲೆ ಅವನು ಹೆಂಗಸರ ಬಾಗಿಲ ಹೊರಗೆ ಕಾದು ನಿಂತಿದ್ದ.

"ಕಾಲು ಬೆಚ್ಚಗಾಯ್ತಾ?"

"ಕಾಲೇನೋ ಆಯ್ತು..." ಅವಳು ತಲೆ ತಗ್ಗಿಸಿದಳು. "ಕೈ ಇನ್ನೂ ತಣ್ಣಗಿದೆ."

"ಇಲ್ಲಿ ಕೊಡು."

"ಮೇಡಂ ನೋಡ್ತಿದಾರೆ ಕಣೋ!"

"ನೋಡ್ಲಿ ಬಿಡು. ಸಭೆಯೇ ಒಪ್ಪಿದೆಯಲ್ಲ!"